ಗಿರಣಿಯ ಪಾಳಿ

ಬೀದರಿಗೆ ಬಂದಿಳಿದ ದಿನ ಅಪ್ಪ ಮಾಡಿದ ಮೊದಲ ಕೆಲಸವೆಂದರೆ ಅಂಗಡಿಗೆ ಹೋಗಿ, ಕುರ್ಚಿಯ ಮೇಲೆ ಕೂತು, ಕ್ಷೌರ ಮಾಡಿಸಿಕೊಂಡದ್ದು. ನಮ್ಮ ಸಾಮಾನು ಇನ್ನೂ ಗಾಡಿಯ ಮೇಲೆಯೇ ಇತ್ತು. ಅವ್ವ ಒಲೆಗೆ ಜಾಗ ನೋಡುತ್ತ ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದಳು. ಈಗ ಬಂದೆ ಎಂದು ಹೋದವನು ಬಹಳ ಹೊತ್ತಾದ ಮೇಲೆ ಬಂದ. ಕಿವಿಯ ಹಿಂದೆ ಪೌಡರಿನ ಬಿಳುಪು, ಕೂದಲಿಗೆ ಯಾವುದೋ ವಾಸನೆ ಎಣ್ಣೆ. ಬಾಗಿಲಲ್ಲಿ ನಿಂತು ನಮ್ಮಿಬ್ಬರಿಗೂ ಕಾಣುವ ಹಾಗೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದ.

"ಮುಂದ ಒಂದು ಕನ್ನಡಿ, ಹಿಂದ ಒಂದು ಕನ್ನಡಿ. ನನ್ನ ಹಿಂದಲಿ ನಾನ ನೋಡ್ಕೊಂಡೆ" ಎಂದ.

"ಏನೂ ಕೇಳಲಿಲ್ಲೇನು ಅಂವ?" ಅವ್ವನ ದನಿ ಸಣ್ಣಗಾಗಿತ್ತು.

"ಕೇಳಿದಾ. ಊರು ಯಾವದ್ರಿ ಅಂದ. ಹೇಳಿದೆ. ಆ ಕಡಿ ಮಳಿ ಹ್ಯಾಂಗದ ಅಂದ. ಅದನೂ ಹೇಳಿದೆ."

ಅವ್ವ ಅವನ ಕುತ್ತಿಗೆಯ ಮೇಲೆ ಬೆರಳಾಡಿಸಿ, "ಕೋಸಿನ ಗಡ್ಡಿ ಹೆರದಂಗ ಹೆರದಾನ" ಎಂದು ನಕ್ಕಳು. ಅಪ್ಪನೂ ನಕ್ಕ. ಅವರು ನಗುತ್ತಿದ್ದದ್ದು ಯಾಕೆಂದು ತಿಳಿಯುವ ವಯಸ್ಸು ನನಗಾಗಿತ್ತು. ಭಾಲ್ಕಿ ತಾಲೂಕಿನ ಮೆಹಕರ ನಮ್ಮ ಊರು. ನಾವು ಊರ ಹೊರಗಿನ ಕೇರಿಯವರು, ಮುಟ್ಟಿದರೆ ಜನ ಮೈ ತೊಳೆದುಕೊಳ್ಳಬೇಕಾದವರು. ಬೀದರಿಗೆ ಬರುವ ಮೊದಲು ಅಪ್ಪ ಔರಾದಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅಲ್ಲಿ ಎಲ್ಲರಿಗೂ ನಾವು ಯಾರೆಂದು ಗೊತ್ತಿತ್ತು. ಅಪ್ಪನ ಕೂದಲನ್ನು ಕೇರಿಯ ಒಬ್ಬ ಮುದುಕ ಹಿತ್ತಲಲ್ಲಿ ಕತ್ತರಿಸುತ್ತಿದ್ದ. ಚಹಾದ ಹೋಟೆಲಿನಲ್ಲಿ ನಮ್ಮ ಬಟ್ಟಲು ಹೊರಗಿನ ಗೋಡೆಯ ಗೂಡಿನಲ್ಲಿರುತ್ತಿತ್ತು, ಕುಡಿದು ನಾವೇ ತೊಳೆದು ಅಲ್ಲಿಯೇ ಇಡಬೇಕು. ಸಿಂಪಿಗ ನನ್ನ ಅಂಗಿಯ ಅಳತೆಯನ್ನು ಹಳೆಯ ಅಂಗಿ ನೋಡಿಯೇ ತೆಗೆದುಕೊಳ್ಳುತ್ತಿದ್ದ. ಹಾಗಾಗಿ ನನ್ನ ಹೊಸ ಅಂಗಿಗಳು ಯಾವಾಗಲೂ ಕಳೆದ ವರ್ಷದ ನನಗೆ ಸರಿಯಾಗಿರುತ್ತಿದ್ದವು.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ್ದು ನಮ್ಮ ಮನೆಯ ಮಟ್ಟಿಗೆ ಒಂದು ಬಾಗಿಲು ತೆರೆದ ಹಾಗಾಯಿತು. ಪೇಟೆಯಲ್ಲಿ ಉರ್ದು ಫಲಕಗಳ ಪಕ್ಕದಲ್ಲಿ ಕನ್ನಡ ಫಲಕಗಳು ಏರತೊಡಗಿದವು. ಕಚೇರಿಗಳಲ್ಲಿ ಉರ್ದು ಕಾಗದ ಓದಿ ಅದನ್ನು ಕನ್ನಡಕ್ಕೆ ತರಬಲ್ಲವರು ಬೇಕಾದರು. ಅಪ್ಪ ಸಾಲಿಯ ವರಾಂಡದಲ್ಲಿ ಕೂತು ಉರ್ದು ಕಲಿತವನು, ಕನ್ನಡವನ್ನು ತಾನೇ ಹಟ ಹಿಡಿದು ಕಲಿತವನು. ಅವನನ್ನು ಬೀದರಿಗೆ ವರ್ಗ ಮಾಡಿದರು. ಯಾರಿಗೂ ನಮ್ಮ ಗುರುತಿಲ್ಲದ ಊರು. ಪೇಟೆಯ ನಡುವಿನ ಚೌಬಾರಾ ಗೋಪುರದಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ನೀಲಮ್ಮನೆಂಬ ವಿಧವೆಯ ಮನೆಯ ಮುಂದಿನ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. ನೀವು ಯಾರು ಎಂದು ಆಕೆ ಕೇಳಿದಾಗ ಅಪ್ಪ, "ಒಕ್ಕಲತನದ ಮಂದಿ ರಿ" ಎಂದ. ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಹಿರಿಯರೆಲ್ಲ ಹೊಲದಲ್ಲಿಯೇ ಸತ್ತವರು, ಹೊಲ ಮಾತ್ರ ಬೇರೆಯವರದಾಗಿತ್ತು. ಹೆಸರಿನ ಮುಂದೆ ಅಪ್ಪ ಊರ ಹೆಸರು ಹಚ್ಚಿಕೊಂಡ. ರಾತ್ರಿ ಊಟಕ್ಕೆ ಕೂತಾಗ ನನಗೆ ಪಾಠ ನಡೆಯುತ್ತಿತ್ತು.

"ಯಾರರ ಕೇಳಿದ್ರ ಏನಂತಿ?"

"ಮೆಹಕರೆ."

"ಹಂಗಂದ್ರ?"

"ಮೆಹಕರದವರು."

"ಮುಂದ?"

"ಮುಂದ ಏನೂ ಇಲ್ಲ."

"ಶಾಣ್ಯಾಕಿ. ಉಣ್ಣು."

ಆ ಪಾಠದ ಫಲವಾಗಿ ಇಡೀ ಊರು ನಮಗೆ ದಕ್ಕಿತು. ಸಿಂಪಿಗ ನನ್ನ ಹೆಗಲಿಗೆ ಪಟ್ಟಿ ಹಿಡಿದಾಗ ನಾನು ಕಚಗುಳಿಯಾಗಿ ನಗಲು ಅವನು ಬೈದ. ಆ ಬೈಗುಳವನ್ನು ಮನೆಗೆ ತಂದು ಅವ್ವನಿಗೆ ಉಡುಗೊರೆಯ ಹಾಗೆ ಒಪ್ಪಿಸಿದೆ. ಹೋಟೆಲಿನ ಬೆಂಚಿನ ಮೇಲೆ ಕೂತು ಅಪ್ಪ ನನಗೆ ಭಜಿ ಕೊಡಿಸಿದ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಗಲ್ಲಿಯ ತುದಿಯ ಗಿರಣಿ. ಔರಾದಿನ ಗಿರಣಿಯಲ್ಲಿ ನಮ್ಮ ಜೋಳ ಬೀಸುತ್ತಿದ್ದದ್ದು ಎಲ್ಲರದೂ ಮುಗಿದ ಮೇಲೆ. ಅದಕ್ಕೆ ಕಾರಣ ಕಲ್ಲು. ಗಿರಣಿಯ ಕಲ್ಲಿನ ಸಂದಿಯಲ್ಲಿ ಪ್ರತಿಯೊಬ್ಬರ ಹಿಟ್ಟೂ ಒಂದಿಷ್ಟು ಉಳಿಯುತ್ತದೆ, ಮುಂದಿನ ಪಾಳಿಯವರ ಹಿಟ್ಟಿನೊಡನೆ ಹೊರಗೆ ಬೀಳುತ್ತದೆ. ನಮ್ಮದು ಯಾರ ಹಿಟ್ಟಿಗೂ ಹತ್ತಬಾರದು. ಮರುದಿನ ಬೆಳಿಗ್ಗೆ ಗಿರಣಿಯವನು ಮೊದಲು ತನ್ನದೊಂದಿಷ್ಟು ತೌಡು ಹಾಕಿ ಕಲ್ಲು ತೊಳೆದ ಹಾಗೆ ಮಾಡಿ ಅದನ್ನು ದನಕ್ಕೆ ಹಾಕುತ್ತಿದ್ದ. ಬೀದರಿನ ಗಿರಣಿಯ ಬಸಣ್ಣನಿಗೆ ಇದ್ಯಾವುದರ ಅಗತ್ಯವೂ ಇರಲಿಲ್ಲ. ರೆಪ್ಪೆಯವರೆಗೂ ಬೆಳ್ಳಗಾಗಿ ನಿಂತು, ಎಂಜಿನ್ನಿನ ಸದ್ದನ್ನು ಮೀರಿಸಿ, "ಮೆಹಕರೆ ಸಾಹೇಬ್ರ ಮಗಳ ಪಾಳಿ!" ಎಂದು ಕೂಗುತ್ತಿದ್ದ. ಆ ಕೂಗು ಕೇಳಲಿಕ್ಕೆಂದೇ ನಾನು ಅವ್ವನ ಹಿಂದೆ ಓಡುತ್ತಿದ್ದೆ. ನಮ್ಮ ಹಿಂದೆ ನೀಲಮ್ಮನ ಡಬ್ಬಿ, ಅದರ ಹಿಂದೆ ಮತ್ತೊಬ್ಬರ ಬುಟ್ಟಿ. ನಮ್ಮ ಹಿಟ್ಟು ಅವರ ಹಿಟ್ಟಿಗೆ, ಅವರದು ಮತ್ತೊಬ್ಬರದಕ್ಕೆ ಸೇರುತ್ತ ಹೋಗುತ್ತಿತ್ತು. ಹಾಗೆ ನೋಡಿದರೆ ಆ ಗಲ್ಲಿಯಲ್ಲಿ ನಮ್ಮ ಮನೆಯ ಜೋಳ ತಿನ್ನದವರು ಯಾರೂ ಇರಲಿಲ್ಲ. ಅವ್ವನಿಗೆ ಇದು ಗೊತ್ತಿತ್ತು. ಬುಟ್ಟಿ ಹೊತ್ತು ಬರುವಾಗ ಅವಳ ನಡಿಗೆ ಬಿರುಸಾಗುತ್ತಿತ್ತು.

ತಮ್ಮ ಹುಟ್ಟಿದ. ಅವ್ವನ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಆದ್ದರಿಂದ ಬಾಣಂತನಕ್ಕೆ ಅಪ್ಪನ ತಾಯಿಯೇ ಬರಬೇಕಾಯಿತು. ಆಕೆಯನ್ನು ನಾವು ಆಯಿ ಎನ್ನುತ್ತಿದ್ದೆವು. ಕರೆಸುವ ಮುಂಚೆ ಅಪ್ಪ ಎಷ್ಟೋ ಸಲ ಅಂಗಳದಲ್ಲಿ ಅತ್ತಿತ್ತ ಅಡ್ಡಾಡಿದ್ದು ನೆನಪಿದೆ. ಆಯಿ ಮೆಹಕರದಿಂದ ಭಾಲ್ಕಿಗೆ ನಡೆದು, ಅಲ್ಲಿಂದ ರೈಲು ಹತ್ತಿ ಬಂದಳು. ಬಂದವಳಿಗೆ ಅಪ್ಪ ಹೇಳಿದ ಮೊದಲ ಮಾತು, "ಅವ್ವಾ, ನೀ ಹೊರಗ ಹೋಗಬ್ಯಾಡ" ಎಂದು.

"ಹೊರಗ ಏನದ ನನಗ? ನಾ ಬಂದಿದ್ದು ಕೂಸಿಗೆ" ಎಂದಳು ಆಯಿ. ಯಾಕೆಂದು ಆಕೆ ಕೇಳಲಿಲ್ಲ, ಅಪ್ಪ ಹೇಳಲೂ ಇಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ, "ಮೂಗು ನಮ್ಮದು, ಬಣ್ಣ ತಾಯೀದು. ದೇವರು ನಮಗ ಕೊಡೂದೇ ಮೂಗು" ಎಂದು ನಗಿಸಿದಳು.

ಆಯಿ ಬಾಣಂತಿಯ ಕೋಣೆ ಬಿಟ್ಟು ಯಾರ ಕಣ್ಣಿಗೂ ಬೀಳದೆ ಕೆಲವು ದಿನ ಹಾಗೆಯೇ ನಡೆಯಿತು. ಆಮೇಲೊಂದು ದಿನ ಹಿಟ್ಟು ತೀರಿತು. ಅಪ್ಪ ಕಚೇರಿಯಲ್ಲಿದ್ದ. ಅವ್ವ ಏಳುವಂತಿರಲಿಲ್ಲ, ನನಗೆ ಬುಟ್ಟಿ ಎತ್ತಲಾಗುತ್ತಿರಲಿಲ್ಲ. "ಶಾಂತಾನ ಹಿಂದ ಹೋಗಿ ಬರ್ರಿ ಅತ್ತೀ. ಬಸಣ್ಣ ಪಾಳಿ ಕರದಾಗ ಬುಟ್ಟಿ ಕೊಡೂದು ಅಷ್ಟ. ಯಾರ ಜೋಡಿನೂ ಮಾತಾಡಬ್ಯಾಡ್ರಿ" ಎಂದು ಅವ್ವ ಕಳಿಸಿದಳು.

ಗಿರಣಿಯ ಮುಂದೆ ನೀಲಮ್ಮನೂ ಗಲ್ಲಿಯ ಇನ್ನಷ್ಟು ಹೆಂಗಸರೂ ಇದ್ದರು. ನಾನು ಒಳಗೆ ಹೋದೆ. ತಿರುಗಿ ನೋಡಿದರೆ ಆಯಿ ಹಿಂದೆ ಇಲ್ಲ. ಆಕೆ ಮೆಟ್ಟಿಲ ಕೆಳಗೆ ಬುಟ್ಟಿ ಇಟ್ಟು, ಅದರಿಂದ ಸಾಕಷ್ಟು ದೂರ ಸರಿದು, ಬಿಸಿಲಲ್ಲಿ ಸೀರೆಯ ಸೆರಗನ್ನು ಮೈಗೆ ಬಿಗಿದುಕೊಂಡು ಕುಕ್ಕರಿಸಿದ್ದಳು. ಆಕೆಗೆ ಯಾರೂ ಹಾಗೆ ಕೂರಲು ಹೇಳಿರಲಿಲ್ಲ. ಗಿರಣಿಯ ಮುಂದೆ ಬೇರೆ ರೀತಿ ಕೂರುವುದು ಆಕೆಗೆ ಗೊತ್ತೇ ಇರಲಿಲ್ಲ.

"ಮೆಹಕರೆ ಸಾಹೇಬ್ರ ಪಾಳಿ!" ಬಸಣ್ಣ ಕೂಗಿದ. "ತರ್ರಿ ಬುಟ್ಟಿ."

ಎಂಜಿನ್ನಿನ ಸದ್ದಿಗೆ ಕೇಳಿಸಲಿಕ್ಕಿಲ್ಲವೆಂದು ಆಯಿ ಗಂಟಲೆತ್ತಿ ಹೇಳಿದಳು. "ನಮ್ಮದು ಕಡೀಕಿರ್ಲಿ ಯಪ್ಪಾ! ಮೊದಲ ಮಂದೀದು ಆಗ್ಲಿ!"

"ಕಡೀಕ್ ಯಾಕ? ನಿಮ್ಮ ಪಾಳಿನೇ ಅದ."

"ನಮ್ಮದು ಮೊದಲ ಹಾಕಿದ್ರ ಇವರ ಹಿಟ್ಟಿಗೆ ಹತ್ತೂದಿಲ್ಲೇನು?"

ಹೆಂಗಸರು ತಮ್ಮ ತಮ್ಮ ಡಬ್ಬಿಗಳನ್ನು ಹತ್ತಿರ ಎಳೆದುಕೊಂಡರು. ಎಂಜಿನ್ನಿನ ಪಟ್ಟಾ ತಿರುಗುತ್ತಲೇ ಇತ್ತು, ಕಲ್ಲು ಬರಿದೇ ಕರಕರ ಎನ್ನುತ್ತಿತ್ತು. ನೀಲಮ್ಮ ಮೆಟ್ಟಿಲಿಗೆ ಬಂದು ಆಯಿಯನ್ನು ನೋಡಿದಳು, ಆಕೆ ಕೂತ ಜಾಗ ನೋಡಿದಳು, ಬುಟ್ಟಿಗೂ ಆಕೆಗೂ ನಡುವಿನ ನೆಲ ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು.

"ಶಾಂತಾ, ಈಕಿ ನಿನಗೇನಾಗಬೇಕು?"

ನನಗೆ ಕಲಿಸಿದ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ನಾನು ಆಯಿಯತ್ತ ತಿರುಗಿದೆ. ಆಯಿ ನನ್ನ ಮುಖ ನೋಡಿದಳು. ಏನಾಗಿದೆ ಎಂಬುದು ಆಕೆಗೆ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ. ಮುಖದ ಮೇಲಿನ ಸಲಿಗೆಯೆಲ್ಲ ಇಳಿದುಹೋಗಿ, ಊರಿನಲ್ಲಿ ಗೌಡರ ಎದುರಿಗೆ ನಿಂತಾಗಿನ ಮುಖ ಬಂತು.

"ನಾ ಏನೂ ಆಗಬೇಕಿಲ್ರಿ ಅಕ್ಕಾ. ಇವರ ಹೊಲದಾಗ ದುಡಿಯಾಕಿ. ಬಾಣಂತೀಗಿ ಎಣ್ಣಿ ನೀರು ಹಾಕಾಕ ಬಂದೀನಿ. ಬುಟ್ಟಿ ನಾ ಹೊತ್ತು ತಂದೀನಲ್ರಿ, ಅದಕ್ಕಂದೆ."

"ಹಂಗಾದ್ರ ನೀ ಮುಟ್ಟಿದ್ದು ಅವರು ಉಣ್ತಾರೇನು?"

ಆಯಿ ತಲೆ ತಗ್ಗಿಸಿದಳು. ಬಸಣ್ಣ ನಮ್ಮ ಬುಟ್ಟಿಯನ್ನು ಮುಟ್ಟಲಿಲ್ಲ. ಅದನ್ನು ಆಕೆಯೇ ಮತ್ತೆ ಹೊತ್ತಳು. ಮನೆಯವರೆಗೂ ಆಕೆ ನನ್ನಿಂದ ನಾಲ್ಕು ಮಾರು ಹಿಂದೆಯೇ ನಡೆದಳು. ನಾನು ನಿಂತರೆ ತಾನೂ ನಿಲ್ಲುತ್ತಿದ್ದಳು.

ಸಂಜೆ ಅಪ್ಪ ಬಂದು, ನಡೆದದ್ದನ್ನು ಅವ್ವನಿಂದ ಕೇಳಿ, ಷರಾಯಿ ಬದಲಿಸುವಷ್ಟರಲ್ಲಿ ಅವರು ಬಂದರು. ಮುಂದೆ ನೀಲಮ್ಮ, ಹಿಂದೆ ಬಸಣ್ಣ, ಅವನ ಹಿಂದೆ ಗಲ್ಲಿಯ ಗಂಡಸರು. ಬಸಣ್ಣನ ಕೈಯಲ್ಲಿ ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಇತ್ತು. ಕೆಲಸದಿಂದ ಹಾಗೆಯೇ ಎದ್ದು ಬಂದಿದ್ದನೋ, ಬೇಕೆಂದೇ ತಂದಿದ್ದನೋ ನನಗೆ ಈಗಲೂ ತಿಳಿಯದು. ಕಾಲೇಜು ಓದಿ, ಎಷ್ಟೋ ಊರುಗಳಲ್ಲಿ ನೌಕರಿ ಮಾಡಿ ಬಂದ ಮೇಲೂ ಆ ಹ್ಯಾಂಡಲ್ ನನ್ನ ಕಣ್ಣ ಮುಂದೆ ಬರುತ್ತದೆ. ಅವನು ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾನೆ. ಒಮ್ಮೊಮ್ಮೆ ಅದು ಅಪ್ಪನ ತಲೆಯ ಮೇಲೆ ಇಳಿಯುತ್ತದೆ. ಹಾಗೆ ಆಗಲಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ. ಜಾತಿ ಮುಚ್ಚಿಟ್ಟರೆಂಬ ಬರೀ ಸಂದೇಹಕ್ಕೇ ಆ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದ ಸುದ್ದಿಗಳನ್ನು ನಾವು ಕೇಳಿದ್ದೆವು. ಅವ್ವ ಒಳಗಿನ ಕೋಣೆಯಲ್ಲಿ ಕೂಸಿನ ಬಾಯಿಗೆ ಮೊಲೆ ಇಟ್ಟು, ಅದು ಅಳದ ಹಾಗೆ ಒತ್ತಿ ಹಿಡಿದಿದ್ದಳು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ" ಎಂದಳು ನೀಲಮ್ಮ. "ವರ್ಸದಿಂದ ನಿಮ್ಮ ಹಿಂದ ನಮ್ಮ ಜ್ವಾಳ ಬೀಸ್ಯಾವ. ಕೇಳೂದು ನಮ್ಮ ಧರ್ಮ. ಆ ಮುದುಕಿ ಯಾರು?"

ಆಯಿ ಅಂಗಳದ ಮೂಲೆಯಲ್ಲಿ ಕಟ್ಟಿಗೆಯ ಒಟ್ಟಿಲ ಹತ್ತಿರ ಕೂತಿದ್ದಳು. ಅಪ್ಪ ಅತ್ತ ನೋಡಲಿಲ್ಲ.

"ನಮ್ಮ ಹೊಲದ ಆಳ್ರಿ" ಎಂದ.

"ಆಕಿ ಮುಟ್ಟಿದ ಕಾಳು ನಿಮಗ ನಡೀತದ?"

"ಕಾಳು ಒಣಾ ಅದಾವಲ್ರಿ ನೀಲಕ್ಕ. ಹಸಿ ಇದ್ರ ಮೈಲಿಗಿ. ಒಣ ಕಾಳಿಗೆ ಎಲ್ಲಿ ಮೈಲಿಗಿ? ಹೊಲದಾಗ ರಾಶಿ ಮಾಡೋರು ಯಾರು? ಅವರ ಅಲ್ಲೇನು? ನಿಮ್ಮ ಮನ್ಯಾಗಿನ ಜ್ವಾಳ ಯಾರ ಕೈ ದಾಟಿ ಬಂದಾವ?"

ಗಂಡಸರಲ್ಲಿ ಒಬ್ಬ, "ಅದೂ ಖರೇನೇ" ಎಂದ. ಅಪ್ಪ ಮುಂದುವರಿಸಿದ. ಹಿಟ್ಟಿಗೆ ಹ್ಯಾಗೆ, ನೀರಿಗೆ ಹ್ಯಾಗೆ, ಹಿತ್ತಾಳೆಗೆ ಹ್ಯಾಗೆ, ಮಣ್ಣಿನ ಗಡಿಗೆಗೆ ಹ್ಯಾಗೆ ಎಂದು ಒಂದೊಂದಾಗಿ ಹೇಳಿದ. ತೊದಲಲಿಲ್ಲ. ಯಾವ ಕಟ್ಟಳೆಗಳು ಅವನನ್ನು ಸಾಲಿಯ ವರಾಂಡದಲ್ಲಿ ಕೂರಿಸಿದ್ದವೋ ಅವು ಅವನಿಗೆ ಅವರೆಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವು. ನನ್ನ ಅಪ್ಪ ಜಾಣನೆಂದು ನನಗೆ ಹೆಮ್ಮೆಯಿತ್ತು, ಆ ಜಾಣತನವನ್ನು ಅಂದು ಕೇಳಲಾಗಲಿಲ್ಲ.

ಆದರೂ ನೀಲಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಆಕೆಯ ಕಣ್ಣು ಅಪ್ಪನ ಮುಖದಿಂದ ಆಯಿಯ ಮುಖಕ್ಕೆ, ಅಲ್ಲಿಂದ ಮತ್ತೆ ಅಪ್ಪನ ಮುಖಕ್ಕೆ ಹೋಗಿ ಬರುತ್ತಿತ್ತು. ಇಬ್ಬರದೂ ಒಂದೇ ಮೂಗು. ಇನ್ನೊಂದು ಗಳಿಗೆ ಹಾಗೆಯೇ ನೋಡಿದ್ದರೆ ಗುರುತು ಹಿಡಿಯುತ್ತಿದ್ದಳು. ಅದು ಆಯಿಗೂ ಅನ್ನಿಸಿರಬೇಕು. ಕೂತಲ್ಲಿಂದಲೇ ಮುಖವನ್ನು ನೆಲಕ್ಕೆ ಹಾಕಿ ಕೂಗಿದಳು.

"ಸಾಹೇಬ್ರ! ಗಂಟಲಾ ಒಣಗ್ಯಾದ್ರಿ. ಒಂದೀಟು ನೀರ ಹಾಕ್ರಿ, ನಿಮಗ ಪುಣ್ಯ ಬರ್ತದ."

ಅಪ್ಪ ಅಲುಗಾಡಲಿಲ್ಲ.

"ಹಾಕ್ರಿ ಸಾಹೇಬ್ರ" ಎಂದಳು ಆಯಿ ಮತ್ತೆ. ಅದು ಬೇಡುವ ದನಿಯಾಗಿರಲಿಲ್ಲ. ಚಿಕ್ಕಂದಿನಲ್ಲಿ ಅವನನ್ನು ಸಾಲಿಗೆ ಅಟ್ಟುವಾಗ ಹೀಗೆಯೇ ಹೇಳಿರಬೇಕು.

ಅಪ್ಪ ಒಳಗೆ ಹೋಗಿ ತಂಬಿಗೆ ತಂದ. ಆಯಿ ಮಂಡಿಯೂರಿ, ಎರಡೂ ಅಂಗೈ ಕೂಡಿಸಿ ಬಾಯಿಗೆ ಹಚ್ಚಿದಳು. ಅವನು ಮೇಲಿನಿಂದ ನೀರು ಬಿಟ್ಟ. ತಂಬಿಗೆ ಎಷ್ಟು ಎತ್ತರದಲ್ಲಿರಬೇಕು, ಧಾರೆ ಎಷ್ಟು ಸಣ್ಣದಿರಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಹಾಗೆ ಕುಡಿದೇ ಬೆಳೆದವನು. ಒಂದು ಹನಿಯೂ ಹಿಂದಕ್ಕೆ ಸಿಡಿಯಲಿಲ್ಲ. ಆಯಿಗೆ ನೀರಡಿಕೆ ಇರಲಿಲ್ಲ, ಆದರೂ ತಂಬಿಗೆ ತೀರುವವರೆಗೆ ಗುಟುಕು ಗುಟುಕಾಗಿ ಕುಡಿದಳು. ನೀರು ಮೊಣಕೈಯಿಂದ ಇಳಿದು ಆಕೆಯ ಮಡಿಲೆಲ್ಲ ತೊಯ್ದಿತು. ಒಳಗಿನಿಂದ ಅವ್ವ ಏನೋ ಅಂದಳು, ಅವಳ ಮಾತನ್ನು ಕೂಸಿನ ಅಳು ಮುಚ್ಚಿಹಾಕಿತು.

ನೀಲಮ್ಮನ ಹೆಗಲು ಸಡಿಲಾಯಿತು. ಮಗನಾದವನು ಇದನ್ನು ಮಾಡುವುದಿಲ್ಲ ಎಂದು ಆಕೆ ಲೆಕ್ಕ ಹಾಕಿರಬೇಕು. ಆಕೆಯ ಲೆಕ್ಕ ತಪ್ಪೆಂದು ಯಾರು ಹೇಳಿಯಾರು?

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ" ಎಂದ ಬಸಣ್ಣ, ಹ್ಯಾಂಡಲನ್ನು ಕಂಕುಳಿಗೆ ಸೇರಿಸುತ್ತ. "ಗಿರಣಿ ಅಂದ ಮ್ಯಾಲ ನಾಕು ಮಂದಿ ನಂಬಕಿ ಮ್ಯಾಲ ನಡೀಬೇಕಲ್ರಿ. ಹಾಂ, ನನ್ನ ಲೈಸನ್ಸಿನ ಉರ್ದು ಕಾಗದಾ ಒಂದದ. ನಾಳಿ ತರ್ಲೇನ್ರಿ? ಕನ್ನಡದಾಗ ಮಾಡಿ ಕೊಡ್ತೀರಿ?"

"ತೊಗೊಂಡು ಬಾ" ಎಂದ ಅಪ್ಪ.

ಅವರು ಹೋದ ಮೇಲೆ ಬಾಗಿಲು ಹಾಕಲೂ ಅಪ್ಪನಿಗೆ ಧೈರ್ಯವಾಗಲಿಲ್ಲ. ಹಾಕಿದರೆ ಏನಂದುಕೊಂಡಾರೋ. ಅವ್ವ ಗೋಡೆ ಹಿಡಿದು ಎದ್ದು ಹೊಸ್ತಿಲಿಗೆ ಬಂದಳು.

"ಅತ್ತೀ, ಒಳಗ ಬರ್ರಿ. ಸೀರಿ ತೊಯ್ದಾದ."

"ಬಾಣಂತಿ ಗಾಳ್ಯಾಗ ನಿಂದರಬಾರದು, ಹೋಗು" ಎಂದಳು ಆಯಿ.

"ನೀವರ ಕರೀರಿ" ಎಂದಳು ಅವ್ವ ಅಪ್ಪನಿಗೆ.

ಅಪ್ಪ ತಂಬಿಗೆಯನ್ನು ಹಿಡಿದೇ ನಿಂತಿದ್ದ. ಅವನ ಪರವಾಗಿ ಆಯಿಯೇ ಹೇಳಿದಳು. "ಹಿಂದಿನ ಗ್ವಾಡಿ ಆಚಿಕ ನೀಲಮ್ಮ ಅದಾಳ. ಒಂದು ಸಲ ಆಡಿದ ಆಟ ಪೂರಾ ಆಡಬೇಕು."

ಆಕೆ ಪೂರಾ ಆಡಿದಳು. ಬಾಣಂತನ ಮುಗಿಯುವವರೆಗೆ ಕಟ್ಟಿಗೆಯ ಒಟ್ಟಿಲ ಪಕ್ಕದಲ್ಲಿ ಮಲಗಿದಳು, ಎಲೆಯ ಮೇಲೆ ಉಂಡಳು. ಎಣ್ಣೆ ನೀರಿಗೆ ಮಾತ್ರ ಒಳಗೆ ಬರುತ್ತಿದ್ದಳು, ಕೇರಿಯ ಹೆಂಗಸರೇ ಮಾಡುತ್ತ ಬಂದ ಆ ಕೆಲಸಕ್ಕೆ ಯಾರ ತಕರಾರೂ ಇರಲಿಲ್ಲ. ಕೆಲವು ದಿನಗಳಲ್ಲಿ ನೀಲಮ್ಮನೇ ಬಂದು, ಬಸುರಿ ಸೊಸೆಯ ಸೊಂಟ ತಿಕ್ಕಿಕೊಡಲು ಆಯಿಯನ್ನು ಕರೆದೊಯ್ದಳು. ಆಯಿ ಒಂದು ಹಳೆಯ ಸೀರೆಯೊಡನೆ ಹಿಂದಿರುಗಿ ಅದನ್ನು ನನ್ನ ಮುಂದೆ ಬಿಡಿಸಿ ಹಿಡಿದಳು. "ನೋಡು, ನಿಮ್ಮಪ್ಪ ದುಡದು ಕೊಡಿಸಲಿಲ್ಲ, ಸುಳ್ಳು ಹೇಳಿ ಕೊಡಿಸಿದಾ" ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು. ನಕ್ಕದ್ದಕ್ಕೆ ಅವ್ವ ನನ್ನ ಬೆನ್ನಿಗೆ ಗುದ್ದಿದಳು.

ನಾವು ಆ ಮನೆಯಲ್ಲಿ ಉಳಿದೆವು. ಪಾಳಿಯೂ ಉಳಿಯಿತು, ಕ್ಷೌರದಂಗಡಿಯ ಕುರ್ಚಿಯೂ ಉಳಿಯಿತು, ನಾನು ಓದಿದ ಸಾಲಿಯೂ ಅಲ್ಲಿಯೇ ಇತ್ತು. ವರ್ಷಗಳ ಮೇಲೆ ಅಪ್ಪ ಬೇರೆ ಊರಿನಲ್ಲಿ ಮನೆಯ ಪಡಸಾಲೆಗೆ ಬುದ್ಧನ ಪಟ ಹಾಕಿ, ನಾವು ಯಾರೆಂದು ಕೇಳಿದವರಿಗೂ ಕೇಳದವರಿಗೂ ಹೇಳತೊಡಗಿದ. ಸಭೆಗಳಲ್ಲಿ ಮಾತನಾಡಿದ. ಆದರೆ ಆ ಸಂಜೆಯ ಮಾತನ್ನು ಯಾವ ಸಭೆಯಲ್ಲಿಯೂ ಆಡಲಿಲ್ಲ, ಮನೆಯಲ್ಲಿಯೂ ಆಡಲಿಲ್ಲ. ಅವ್ವ ಸಿಟ್ಟು ಬಂದಾಗ ಬೇರೆಲ್ಲ ಹಳೆಯದನ್ನೂ ಎತ್ತಿ ಆಡುತ್ತಿದ್ದಳು, ಇದೊಂದನ್ನು ಬಿಟ್ಟು. ನನಗೆ ನಾಚಿಕೆಯಾಗುವುದು ಯಾರ ಬಗ್ಗೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೀಲಮ್ಮ, ಬಸಣ್ಣರ ಬಗ್ಗೆ ಸಿಟ್ಟಿದೆ, ನಾಚಿಕೆಯಿಲ್ಲ. ನಾಚಿಕೆ ಆ ಧಾರೆಯ ಬಗ್ಗೆ. ಅದು ಅಷ್ಟು ನೇರವಾಗಿ, ಅಷ್ಟು ಚೊಕ್ಕವಾಗಿ ಬಿದ್ದದ್ದರ ಬಗ್ಗೆ. ಇಂದಿಗೂ ಬ್ಯಾಂಕಿನಲ್ಲೋ ಔಷಧಿಯ ಅಂಗಡಿಯಲ್ಲೋ ಸರದಿಯಲ್ಲಿ ನಿಂತು ನನ್ನ ಹೆಸರು ಕರೆದಾಗ ಒಂದು ಕ್ಷಣ ಕಾಲು ಏಳುವುದಿಲ್ಲ. ಮುಂದೆ ಹೋಗುವವಳು ನಾನೋ, ಯಾರನ್ನಾದರೂ ಹಿಂದೆ ಬಿಟ್ಟು ಬಂದಿದ್ದೇನೆಯೋ ಎಂದು ತಿರುಗಿ ನೋಡುತ್ತೇನೆ.

ಆಯಿಯನ್ನು ಊರಿಗೆ ಕಳಿಸುವ ದಿನ ಅಪ್ಪ ರಜೆ ಹಾಕಿದ. ಸ್ಟೇಶನ್ನಿಗೆ ನಾನೂ ಹೋದೆ. ಭಾಲ್ಕಿಯ ಗಾಡಿ ತಡವಾಗಿತ್ತು. ಆಯಿ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಕೂಸಿಗೆ ನೆಗಡಿಯಾದರೆ ಏನು ಮಾಡಬೇಕು, ಅವ್ವನಿಗೆ ಎಷ್ಟು ದಿನ ತಣ್ಣೀರು ಕೊಡಬಾರದು ಎಂದೆಲ್ಲ ಹೇಳಿದಳು. ಅಪ್ಪ ಹೂಂ ಹೂಂ ಎನ್ನುತ್ತಿದ್ದ. ಗಾಡಿ ಬಂದು ನಿಂತಿತು. ಅವನು ಗಂಟನ್ನು ಒಳಗಿಟ್ಟು ಇಳಿದು ಬಂದ. ಆಕೆ ಹತ್ತುವ ಮೊದಲು ಒಮ್ಮೆಲೇ ಬಾಗಿ ಆಕೆಯ ಪಾದಕ್ಕೆ ಕೈ ಚಾಚಿದ.

ಆಯಿ ಸರಕ್ಕನೆ ಕಾಲು ಹಿಂದೆ ತೆಗೆದಳು.

"ಯಾರರ ನೋಡ್ಯಾರು. ನೆಟ್ಟಗ ನಿಂದ್ರು."

ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಮ್ಮ ಗುರುತಿನವರು ಯಾರೂ ಇರಲಿಲ್ಲ. ಅಪ್ಪ ಬಾಗಿದಲ್ಲಿಯೇ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದ. ಆಮೇಲೆ ನೆಟ್ಟಗೆ ನಿಂತ.